ಮೊಂಟಾನಾದಲ್ಲಿ ವ್ಯಾಕ್ಸಿನ್ ಬಗ್ಗೆ ಯಾರೂ ಕೇಳಂಗೇ ಇಲ್ವಂತೆ, ನಿಜಾನಾ?

ಪ್ರಶ್ನೆ (ಪುಟ್ಟನ ಅಮ್ಮ): ನಾವು ಕ್ಯಾಲಿಫೋರ್ನಿಯಾದಲ್ಲಿದೀವಿ, ನಮ್ಮನೆಯವ್ರಿಗೆ ಮೊಂಟಾನಾದಲ್ಲಿ ಕೆಲ್ಸ ಸಿಕ್ಕಿದೆ, ಮುಂದಿನ ತಿಂಗ್ಳು ಹೊರಡ್ಬೇಕು. ಮಗನಿಗೆ ಐದು ವರ್ಷ, ಇನ್ನೂ ಸ್ಕೂಲಿಗೆ ಸೇರ್ಸಿಲ್ಲ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡನೇ ಡೋಸ್ ಬಾಕಿ ಇದೆ. ಗೊತ್ತಿರೋರೊಬ್ರು ಅಲ್ಲಿ ವ್ಯಾಕ್ಸಿನ್ ಹಾಕ್ಸಿಲ್ಲ ಅಂತ ಯಾರನ್ನೂ ತಡೆಯೋ ಹಾಗಿಲ್ಲ, ಕಾನೂನೇ ಇದೆ, ಸ್ಕೂಲಲ್ಲೂ ಕೇಳಲ್ಲ ಬಿಡಿ ಅಂದ್ರು. ಹೌದಾ?

ಬೆಟ್ಟದ ಹೂ: ಅರ್ಧ ನಿಜ ಮೇಡಂ. 2021ರಲ್ಲಿ ಎಚ್‌ಬಿ 702 ಅಂತ ಕಾನೂನು ತಂದ್ರು, ವ್ಯಾಕ್ಸಿನ್ ಹಾಕ್ಸಿಲ್ಲ ಅನ್ನೋ ಕಾರಣಕ್ಕೆ ಕೆಲ್ಸ ಕೊಡ್ದೇ ಇರೋದು, ಅಂಗಡಿ ಹೋಟ್ಲಲ್ಲಿ ವಾಪಸ್ ಕಳ್ಸೋದು, ಸರ್ಕಾರಿ ಸೇವೆ ನಿರಾಕರಿಸೋದು ಎಲ್ಲಾ ತಾರತಮ್ಯ ಅಂತ ಲೆಕ್ಕ. ಬರೀ ಕೋವಿಡ್ ಅಲ್ಲ, ಎಲ್ಲಾ ಲಸಿಕೆಗೂ. ಆದ್ರೆ ಅದೇ ಕಾನೂನಲ್ಲಿ ಸ್ಕೂಲು, ಡೇಕೇರ್ ಹೊರಗಿಟ್ಟಿದಾರೆ, ಇದನ್ನ ಯಾರೂ ಹೇಳಲ್ಲ! ಸ್ಕೂಲಿಗೆ ಹಳೇ ರೂಲ್ಸೇ, ಕಿಂಡರ್‌ಗಾರ್ಟನ್‌ಗೆ ಎಂಎಂಆರ್ ಎರಡೂ ಡೋಸ್ ಕೇಳ್ತಾರೆ.

ಸುಮ್ನೆ ಓದುಗ: ಆದ್ರೆ ಅಲ್ಲಿ ಧಾರ್ಮಿಕ ಕಾರಣ ಅಂತ ಫಾರ್ಮ್ ಕೊಟ್ರೆ ಸೇರಿಸ್ಕೋತಾರಲ್ವಾ?

ಬೆಟ್ಟದ ಹೂ: ಹೂಂ, ಸೇರಿಸ್ಕೋತಾರೆ. ಆದ್ರೆ ದಡಾರ ಕಾಣಿಸ್ಕೊಂಡ್ರೆ ಅಂಥ ಮಕ್ಕಳನ್ನ ಸ್ವಲ್ಪ ದಿನ ಮನೇಲಿರಿ ಅನ್ಬಹುದು. ಕ್ಯಾಲಿಫೋರ್ನಿಯಾದಲ್ಲಂತೂ ಆ ದಾರೀನೇ ಇಲ್ಲ, 2014ರ ಡಿಸೆಂಬರಲ್ಲಿ ಡಿಸ್ನಿಲ್ಯಾಂಡಿಂದ ದಡಾರ ಹಬ್ಬಿದ್ಮೇಲೆ ಎಸ್‌ಬಿ 277 ಅನ್ನೋ ಕಾನೂನು ಪಾಸ್ ಮಾಡಿ 2016ರ ಜುಲೈನಿಂದ ವೈಯಕ್ತಿಕ ನಂಬಿಕೆ ಅನ್ನೋ ವಿನಾಯಿತಿ ತೆಗ್ದುಬಿಟ್ರು, ಈಗ ಡಾಕ್ಟರ್ ಕೊಡೋ ಮೆಡಿಕಲ್ ವಿನಾಯಿತಿ ಒಂದೇ. ನ್ಯೂಯಾರ್ಕ್‌ನವ್ರೂ 2019ರಲ್ಲಿ ಧಾರ್ಮಿಕ ವಿನಾಯಿತಿ ತೆಗೆದ್ರು. ನಾಳೆ ಇನ್ನೊಂದು ರಾಜ್ಯಕ್ಕೆ ವರ್ಗ ಆದ್ರೆ ಆ ಫಾರ್ಮ್ ಹಿಡ್ಕೊಂಡು ಏನ್ ಮಾಡ್ತೀರಾ.

ಕರಿಕೋಟು: ಇದ್ರಲ್ಲಿ ರಾಜ್ಯಗಳಿಗೇ ಅಧಿಕಾರ ಅನ್ನೋದು ಹೊಸದೇನಲ್ಲ, 1905ರ ಜೇಕಬ್ಸನ್ ಕೇಸಲ್ಲೇ ಸುಪ್ರೀಂ ಕೋರ್ಟ್ ಹೇಳಾಯ್ತು. ಸಿಡುಬಿನ ಲಸಿಕೆ ಬೇಡ ಅಂದವನಿಗೆ 5 ಡಾಲರ್ ದಂಡ ಬಿದ್ದಿತ್ತು, ಕೋರ್ಟು ಅದನ್ನ ಸರಿ ಅಂತು. ಅಂದ್ಹಾಗೆ ಯಜಮಾನ್ರದ್ದು ಆಸ್ಪತ್ರೆ ಕೆಲ್ಸನಾ? ಯಾಕಂದ್ರೆ 2022ರಲ್ಲಿ ಫೆಡರಲ್ ಕೋರ್ಟು ಆಸ್ಪತ್ರೆ ಕ್ಲಿನಿಕ್‌ಗಳ ಮಟ್ಟಿಗೆ 702ಗೆ ತಡೆ ಕೊಟ್ಟಿತ್ತು, 2024ರಲ್ಲಿ ಮೇಲ್ಮನವಿ ಕೋರ್ಟು ಆ ತಡೇನ ತಳ್ಳಿಹಾಕ್ತು.

ಪುಟ್ಟನ ಅಮ್ಮ: ಅಯ್ಯೋ ಅವ್ರದ್ದು ಸಾಫ್ಟ್‌ವೇರ್ ಸರ್. ನಮಗೆ ಹಾಕ್ಸೋಕೆ ತಕರಾರೇನಿಲ್ಲ, ಪ್ಯಾಕಿಂಗ್ ಗಡಿಬಿಡೀಲಿ ಮುಂದೂಡ್ಕೊಂಡು ಬಂದ್ವಿ ಅಷ್ಟೇ. ಇಲ್ಲೇ ಹಾಕ್ಸಿದ್ರೆ ಅಲ್ಲಿ ಒಪ್ಕೋತಾರಾ?

ಬೆಟ್ಟದ ಹೂ: ಧಾರಾಳವಾಗಿ. ತಾರೀಖು ಸಮೇತ ರೆಕಾರ್ಡ್ ಇಸ್ಕೊಳ್ಳಿ, ಪ್ಯಾಕ್ ಮಾಡೋ ಡಬ್ಬಕ್ಕೆ ಮಾತ್ರ ಹಾಕ್ಬೇಡಿ.