ಏಳು ದಿನದ ಹಂದಿಮರಿ ವೃಷಣದಲ್ಲಿ ಸ್ಟೆಮ್ ಸೆಲ್ ಸಿಗುತ್ತಾ?

ಬೀದರ್_ವೆಟ್:
ಎಲ್ಲರಿಗೂ ನಮಸ್ಕಾರ. ಬೀದರಿನಲ್ಲಿ ಎಂವಿಎಸ್‌ಸಿ (ಪಶುವೈದ್ಯದ ಸ್ನಾತಕೋತ್ತರ ಓದು) ಮಾಡುತ್ತಿದ್ದೇನೆ. ಭಾಲ್ಕಿ ಕಡೆಯ ಫಾರ್ಮೊಂದರಲ್ಲಿ ಗಂಡುಮರಿಗಳಿಗೆ ಏಳು ದಿನಕ್ಕೇ ಬೀಜ ತೆಗೆಯುತ್ತಾರೆ, ಅದನ್ನೇ ಐಸ್ ಡಬ್ಬಿಯಲ್ಲಿ ತಂದು ಸ್ಲೈಡ್ ಮಾಡಿ ನೋಡುತ್ತಿದ್ದೇನೆ. ಇಲಿಯ ಪೇಪರ್‌ಗಳಲ್ಲಿ ಸ್ಟೆಮ್ ಸೆಲ್, ಅಂದರೆ ಮುಂದೆ ವೀರ್ಯಾಣು ಹುಟ್ಟಿಸುವ ಮೂಲಕೋಶ, ವೃಷಣದೊಳಗಿನ ನಾಳದ ಗೋಡೆಗೆ ಅಂಟಿಕೊಂಡಿರುತ್ತದೆ. ನನಗೆ ಕಾಣುವುದು ದೊಡ್ಡ ದುಂಡು ನ್ಯೂಕ್ಲಿಯಸ್ಸಿನ ಕೋಶ, ಅದೂ ನಾಳದ ನಡುವೆ. ಇಂಥ ಕೋಶ ಗುರುತಿಸಲು ಬಳಸುವ ಯುಸಿಎಚ್‌ಎಲ್1 ಪ್ರೋಟೀನಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಇವೇನಾ ಸ್ಟೆಮ್ ಸೆಲ್? ಇವುಗಳ ಡಿಎನ್‌ಎ ಮೀಥೈಲೇಶನ್ (ಜೀನ್ ಕೆಲಸ ಮಾಡಬೇಕೋ ಬೇಡವೋ ಎಂದು ಹೇಳುವ ರಾಸಾಯನಿಕ ಗುರುತು) ಅಳೆದರೆ ಏನಾದರೂ ಗೊತ್ತಾಗುತ್ತಾ?

ಕಲಬುರಗಿ_ಅಕ್ಕ:
ಅಲ್ಲ ತಮ್ಮಾ, ಅವು ಗೊನೊಸೈಟ್, ಸ್ಟೆಮ್ ಸೆಲ್‌ಗಿಂತ ಹಿಂದಿನ ಹಂತ. ಇಲಿಯಲ್ಲಿ ಹುಟ್ಟಿದ ಮೊದಲ ವಾರದಲ್ಲೇ ಅವು ಗೋಡೆಗೆ ಸರಿದು ಸ್ಟೆಮ್ ಸೆಲ್ ಆಗುತ್ತವೆ, ಹಂದಿಯಲ್ಲಿ ಸುಮಾರು ಎರಡು ತಿಂಗಳು ಬೇಕು. ಯುಸಿಎಚ್‌ಎಲ್1 ಎರಡಕ್ಕೂ ಹಿಡಿಯುತ್ತದೆ, ಅದೊಂದನ್ನೇ ನಂಬಬೇಡ. ಕೋಶ ಎಲ್ಲಿ ಕೂತಿದೆ ನೋಡು.

ಮೀಥೈಲೇಶನ್ ಖಂಡಿತ ಅಳೆ. ಹೊಲದ ಹಳೇ ಬದು ಒಡೆದು ಹೊಸ ಬದು ಹಾಕಿದ ಹಾಗೆ ಅದು. ಹಂದಿಯ ಗರ್ಭ 114 ದಿನ, ಅದರಲ್ಲಿ 42ನೇ ದಿನದ ಹೊತ್ತಿಗೆ ಭ್ರೂಣದ ಬೀಜಕೋಶಗಳಲ್ಲಿ (ಮುಂದೆ ವೀರ್ಯಾಣು ಇಲ್ಲವೇ ಅಂಡ ಕೊಡುವ ಕೋಶಗಳು) ಹಳೇ ಗುರುತು ಬಹುಪಾಲು ಅಳಿಸಿಹೋಗಿರುತ್ತದೆ. ಆಮೇಲೆ ಡಿಎನ್‌ಎಂಟಿ3ಎ ತರಹದ ಕಿಣ್ವಗಳು ಗಂಡಿನ ಗುರುತು ಹೊಸದಾಗಿ ಹಾಕುತ್ತವೆ. ಮೊದಲು ಎಚ್19, ಐಜಿಎಫ್2 ಎಂಬ ಅಕ್ಕಪಕ್ಕದ ಜೀನ್‌ಗಳ ಜಾಗ ನೋಡು. ಈ ಗುರುತಿನಿಂದಾಗಿಯೇ ಐಜಿಎಫ್2ನಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಹಂದಿಯ ಮಾಂಸಖಂಡ ಹೆಚ್ಚಿಸುವ ಒಂದು ಬದಲಾವಣೆ ಅದೇ ಜೀನಿನಲ್ಲಿದೆ ಅಂತ 2003ರಲ್ಲಿ ಗೊತ್ತಾಯಿತು, ಅದೂ ಅಪ್ಪನ ಕಡೆಯಿಂದ ಬಂದರಷ್ಟೇ ಫಲ ಕೊಡುತ್ತದೆ.

ಯಾದಗಿರಿ_ಫಾರ್ಮ್:
ಅಕ್ಕಾರ, ಇದರಿಂದ ಹಂದಿ ಸಾಕುವವರಿಗೆ ಏನು ಉಪಯೋಗ?

ಕಲಬುರಗಿ_ಅಕ್ಕ:
ಇದೆ ಅಣ್ಣಾ. ವೀರ್ಯಾಣು ಹುಟ್ಟಲು ಬೇಕಾದ ನಾನೋಸ್2 ಜೀನ್ ಕೆಡಿಸಿದ ಗಂಡುಹಂದಿಯಲ್ಲಿ ಸ್ವಂತ ವೀರ್ಯಾಣು ಹುಟ್ಟುವುದಿಲ್ಲ, ನಾಳ ಮಾತ್ರ ಸರಿಯಿರುತ್ತದೆ. ಅಂಥ ಹಂದಿಗೆ ಬೇರೆ ಹಂದಿಯ ಸ್ಟೆಮ್ ಸೆಲ್ ಹಾಕಿದಾಗ ದಾನಿಯ ವೀರ್ಯಾಣು ಹುಟ್ಟಿದ್ದು 2020ರಲ್ಲಿ ವರದಿಯಾಗಿದೆ. ಒಳ್ಳೇ ತಳಿಯನ್ನು ಹೀಗೆ ಹರಡಬಹುದು. ಆದರೆ ಆ ಸ್ಟೆಮ್ ಸೆಲ್ ಲ್ಯಾಬಿನಲ್ಲಿ ಬೆಳೆಸುವಾಗ ಮೀಥೈಲೇಶನ್ ಗುರುತು ಕೆಟ್ಟರೆ ಮರಿಗಳ ಬೆಳವಣಿಗೆಗೇ ಪೆಟ್ಟು, ಅದಕ್ಕೇ ಈ ತಮ್ಮನ ಕೆಲಸ ಮುಖ್ಯ.

ಬೀದರ್_ವೆಟ್:
ಥ್ಯಾಂಕ್ಸ್ ಅಕ್ಕಾ. ಏಳು ದಿನದ್ದು ಮತ್ತು ಎರಡು ತಿಂಗಳದ್ದು ಎರಡನ್ನೂ ಒಂದೇ ಫಾರ್ಮಿನಿಂದ ತಂದು ಹೋಲಿಸುತ್ತೇನೆ. ದೊಡ್ಡ ಮರಿಗಳ ಬೀಜ ಯಾರ ಹತ್ತಿರ ಸಿಗಬಹುದು?

ಯಾದಗಿರಿ_ಫಾರ್ಮ್:
ನಮ್ಮಲ್ಲಿ ಬೀಜ ತೆಗೆಸದ ಎರಡು ತಿಂಗಳ ಮರಿ ಇವೆ, ಚಿಕ್ಕವೂ ಇವೆ. ಆದರೆ ಆ ವಯಸ್ಸಿಗೆ ಅರಿವಳಿಕೆ ಕೊಟ್ಟು ಡಾಕ್ಟರೇ ತೆಗೆಯಬೇಕು. ನಿಮ್ಮ ಕಾಲೇಜಿನಿಂದ ಯಾರಾದರೂ ಬರುವುದಾದರೆ ನಮ್ಮದೇನೂ ಅಡ್ಡಿಯಿಲ್ಲ.