ಕರಟದ ಇದ್ದಿಲು: 900 ಡಿಗ್ರಿಗಿಂತ 650ರದ್ದೇ ಯಾಕೆ ಮೈಕ್ರೋವೇವ್ ಚೆನ್ನಾಗಿ ಹೀರುತ್ತೆ?

ಪ್ರಶ್ನೆ: ಮೇಡಂ ನಮಸ್ತೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ತೆಂಗಿನ ಕರಟದ ಇದ್ದಿಲಿಂದ ಮೈಕ್ರೋವೇವ್ ಹೀರಿಕೊಳ್ಳುವ ಮಟೀರಿಯಲ್ ಮಾಡ್ತಾ ಇದೀವಿ, ಊರು ತಿಪಟೂರು ಕಡೆ, ಕರಟಕ್ಕೇನೂ ಬರ ಇಲ್ಲ. ಟ್ಯೂಬ್ ಫರ್ನೇಸಲ್ಲಿ ನೈಟ್ರೋಜನ್ ಬಿಟ್ಕೊಂಡು ಒಂದು ಬ್ಯಾಚ್ 650 ಡಿಗ್ರಿಗೆ, ಇನ್ನೊಂದು 900 ಡಿಗ್ರಿಗೆ ಸುಟ್ವಿ. 900ರದ್ದು ಕರೆಂಟ್ ಚೆನ್ನಾಗಿ ಹಾಯಿಸುತ್ತೆ, ಹಂಗಾದ್ರೆ ಅದೇ ಜಾಸ್ತಿ ಹೀರಬೇಕಲ್ವಾ, ಆದ್ರೆ ರಿಫ್ಲೆಕ್ಷನ್ ಲಾಸ್ (ವಾಪಸ್ ಬರೋ ಅಲೆ ಎಷ್ಟು ಕಮ್ಮಿ ಆಯ್ತು ಅನ್ನೋ ಅಳತೆ, ಮೈನಸ್ ಜಾಸ್ತಿ ಆದಷ್ಟೂ ಒಳ್ಳೇದು) ನೋಡಿದ್ರೆ 650ರದ್ದೇ ವಾಸಿ. ಅಳತೆಯಲ್ಲೇ ಏನಾದ್ರೂ ತಪ್ಪಾ? ಪೇಪರ್‌ಗಳಲ್ಲಿ ಮೈನಸ್ 50, 60 ಡಿಬಿ (ಡೆಸಿಬೆಲ್) ಅಂತ ಬರೀತಾರೆ, ನಮ್ಮದು ಮೈನಸ್ 18 ದಾಟ್ತಿಲ್ಲ.

ಉತ್ತರ: ಅಳತೆ ತಪ್ಪಿಲ್ಲ, ಹಂಗೇ ಬರಬೇಕು. ಅಲೆ ಒಳಗೆ ಬಂದ್ರೆ ತಾನೆ ಹೀರೋದು? ಇದ್ದಿಲು ತೀರಾ ಕಂಡಕ್ಟಿವ್ ಆದಾಗ ಗಾಳಿಯ 377 ಓಮ್ ಇಂಪೀಡೆನ್ಸ್‌ಗೂ (ಅಲೆಗೆ ಒಡ್ಡೋ ತಡೆ) ಅದರದ್ದಕ್ಕೂ ತಾಳೆನೇ ಆಗಲ್ಲ, ಅಲೆ ಮೇಲ್ಮೈಯಿಂದಲೇ ವಾಪಸ್ ಹೋಗುತ್ತೆ. 650ರಲ್ಲಿ ಗ್ರಾಫೈಟ್ ತರದ ಪದರಗಳು ಇನ್ನೂ ಚೂರುಚೂರಾಗಿರ್ತವೆ, ನಡುವೆ ಅಸ್ತವ್ಯಸ್ತ ಕಾರ್ಬನ್, ಅಲ್ಲಲ್ಲಿ ಆಕ್ಸಿಜನ್ ಗುಂಪುಗಳು, ಹಾಗಾಗಿ ಅಲೆ ಒಳಗೂ ಬರುತ್ತೆ, ಬಂದದ್ದು ಶಾಖವಾಗಿ ಕರಗುತ್ತೆ. ರಂಧ್ರದೊಳಗಿನ ಗಾಳಿ ಪರ್ಮಿಟಿವಿಟಿ (ಅಲೆಯ ವಿದ್ಯುತ್ ಕ್ಷೇತ್ರಕ್ಕೆ ಮಟೀರಿಯಲ್ ಎಷ್ಟು ಸ್ಪಂದಿಸುತ್ತೆ ಅನ್ನೋ ಅಳತೆ) ಇಳಿಸುತ್ತೆ, ಗಾಳಿ ಜೊತೆ ತಾಳೆ ಆಗೋಕೆ ಅದೂ ಒಳ್ಳೇದೇ.

900ರ ಬ್ಯಾಚ್ ಬಿಸಾಡ್ಬೇಡಿ. ಅಳೆಯೋಕೆ ಪುಡಿಯನ್ನ ಮೇಣದಲ್ಲಿ ಬೆರೆಸ್ತೀವಲ್ಲ, ಎರಡನ್ನೂ ಒಂದೇ ಪ್ರಮಾಣ ಹಾಕಿ ಹೋಲಿಸಿದ್ರೆ ಹೆಚ್ಚು ಕಂಡಕ್ಟಿವ್ ಆಗಿರೋ 900ರದ್ದಕ್ಕೆ ಅನ್ಯಾಯ. ಈಗ 30 ಪರ್ಸೆಂಟ್ ಹಾಕಿದ್ರೆ 10ಕ್ಕೆ ಇಳಿಸಿ ನೋಡಿ, ಬಹುಶಃ ಕಥೆನೇ ಬದಲಾಗುತ್ತೆ.

ಡಿಬಿ ವಿಷಯ. ಮೈನಸ್ 10 ಅಂದ್ರೆ 90 ಪರ್ಸೆಂಟ್ ಹೀರಿದ ಹಾಗೆ, ಮೈನಸ್ 20 ಅಂದ್ರೆ 99. ಅದರಾಚೆ ಮೈನಸ್ 60ರವರೆಗೂ ಸಿಗೋದು ಉಳಿದ ಒಂದೇ ಪರ್ಸೆಂಟ್ ಒಳಗಿನ ಲೆಕ್ಕ. ಎಷ್ಟೋ ಸಲ ಆ ಸಂಖ್ಯೆ ಅಳೆದದ್ದೂ ಅಲ್ಲ, ಪರ್ಮಿಟಿವಿಟಿ ಅಳೆದು ದಪ್ಪವನ್ನ ಕಂಪ್ಯೂಟರಲ್ಲಿ ಬದಲಾಯಿಸ್ತಾ ಹೋದಾಗ ಗ್ರಾಫಲ್ಲಿ ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಸಿಗೋ ಚೂಪು ತಗ್ಗು. ಅದರ ಹಿಂದೆ ಬೀಳ್ಬೇಡಿ ಅಂತ ನನ್ನ ವಿದ್ಯಾರ್ಥಿಗಳಿಗೂ ಹೇಳ್ತಾನೇ ಇರ್ತೀನಿ. 2 ಮಿಮೀ ದಪ್ಪದಲ್ಲಿ ಎಕ್ಸ್ ಬ್ಯಾಂಡ್ ಪೂರ್ತಿ, ಅಂದ್ರೆ 8.2ರಿಂದ 12.4 ಗಿಗಾಹರ್ಟ್ಸ್‌ವರೆಗೂ, ಮೈನಸ್ 10ರ ಕೆಳಗೆ ಇಟ್ರೆ ಅದು ನಿಜವಾದ ಕೆಲಸ.

ಸ್ಯಾಂಪಲ್ ಉಂಗುರ ಹೆಂಗೆ ಒತ್ತಿದ್ರಿ? ಅಳೆಯೋ ಕೊಯಾಕ್ಸಿಯಲ್ ಕೊಳವೆಯಲ್ಲಿ (ನಡುವೆ ಲೋಹದ ಕಡ್ಡಿ ಇರೋದು) ಕೂರೋ, ಹೊರಗೆ 7, ಒಳಗೆ 3.04 ಮಿಮೀ ವ್ಯಾಸದ ಉಂಗುರ ಅಲ್ವಾ. ನಡುವಿನ ಆ ಕಡ್ಡಿ ಪಕ್ಕದಲ್ಲೇ ಫೀಲ್ಡ್ ಜಾಸ್ತಿ ಇರೋದ್ರಿಂದ ಅಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ರೂ ಪರ್ಮಿಟಿವಿಟಿ ಕಮ್ಮಿ ತೋರಿಸುತ್ತೆ. ಪುಡಿ ಜರಡಿ ಹಿಡಿದು, 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಬಿಸಿ ಇರುವಾಗಲೇ ಡೆಸಿಕೇಟರ್‌ಗೆ (ತೇವ ತಾಗದ ಹಾಗೆ ಮುಚ್ಚಿಡೋ ಪಾತ್ರೆ) ಹಾಕಿ. ರಂಧ್ರ ಇರೋ ಇದ್ದಿಲು ತೇವ ಎಳ್ಕೊಳ್ಳುತ್ತೆ, ನೀರು ತಾನೇ ಮೈಕ್ರೋವೇವ್ ಹೀರುತ್ತೆ, ಆಮೇಲೆ ನೀವು ಅಳೆಯೋದು ಕರಟವನ್ನಲ್ಲ, ತೇವವನ್ನ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮ ಮನೆ ಎದುರಿಗೇ ಮೊಬೈಲ್ ಟವರ್ ಇದೆ, ಈ ಪುಡಿ ಪೇಂಟಿಗೆ ಬೆರೆಸಿ ಗೋಡೆಗೆ ಹೊಡೆದ್ರೆ ಆಗುತ್ತಾ?

ಉತ್ತರ: ಪ್ರಯೋಜನ ಆಗಲ್ಲ ಸರ್. ಈ ರಿಫ್ಲೆಕ್ಷನ್ ಲಾಸ್ ಲೆಕ್ಕವೆಲ್ಲ ಹಿಂದೆ ಲೋಹದ ತಗಡು ಇದೆ ಅಂತಿಟ್ಕೊಂಡು ಮಾಡೋದು, ನಿಮ್ಮ ಗೋಡೆ ಹಿಂದೆ ಅದಿಲ್ಲ. ದಪ್ಪವೂ ಅಡ್ಡ ಬರುತ್ತೆ. ಇಂಥ ಪದರ ಹೀರೋದು ದಪ್ಪ ಅಲೆಯುದ್ದದ ಕಾಲು ಭಾಗ ಆದಾಗ, ಅದೂ ಮಟೀರಿಯಲ್ ಒಳಗಿನ ಅಲೆಯುದ್ದ. ಪರ್ಮಿಟಿವಿಟಿ 9 ಇದ್ರೆ 10 ಗಿಗಾಹರ್ಟ್ಸ್‌ಗೆ 2.5 ಮಿಮೀ ಸಾಕು, ಅದೇ 900 ಮೆಗಾಹರ್ಟ್ಸ್‌ಗೆ ಸುಮಾರು 28 ಮಿಮೀ ಬೇಕು. ಅಷ್ಟು ದಪ್ಪ ಪೇಂಟ್ ಎಲ್ಲಿ ಹೊಡೀತೀರಿ, ಕಿಟಕಿ ಹೆಂಗೂ ತೆರೆದೇ ಇರುತ್ತೆ.

ಮತ್ತೊಬ್ಬರು: ತೀರ್ಥಹಳ್ಳಿ ಕಡೆ ಅಡಿಕೆ ಸಿಪ್ಪೆ ರಾಶಿ ರಾಶಿ ಸುಡ್ತಾರೆ, ಅದರಲ್ಲೂ ಮಾಡ್ಬಹುದಾ ಮೇಡಂ? ಭತ್ತದ ಹೊಟ್ಟು?

ಉತ್ತರ: ಎರಡರಲ್ಲೂ ಮಾಡ್ಬಹುದು. ಹೊಟ್ಟಿನಲ್ಲಿ ಸಿಲಿಕಾ ತುಂಬಾ, ಸುಟ್ಟ ಮೇಲೆ ಸೋಡಿಯಂ ಹೈಡ್ರಾಕ್ಸೈಡಲ್ಲಿ ತೊಳೆದ್ರೆ ಸಿಲಿಕಾ ಹೋಗಿ ಆ ಜಾಗವೇ ರಂಧ್ರ ಆಗುತ್ತೆ. ಅಡಿಕೆ ಸಿಪ್ಪೆ ನಾರು, ಅದನ್ನ ಸುಡೋ ಮುಂಚೆ ಕಬ್ಬಿಣದ ನೈಟ್ರೇಟ್ ದ್ರಾವಣದಲ್ಲಿ ನೆನೆಸಿಟ್ರೆ ಸುಟ್ಟ ಮೇಲೆ ನಾರಿನುದ್ದಕ್ಕೂ ಕಬ್ಬಿಣದ ಸೂಕ್ಷ್ಮ ಕಣಗಳು ಕೂತಿರ್ತವೆ, ಕಾಂತೀಯವಾಗಿ ಅಲೆ ಹೀರೋದೂ (ಮ್ಯಾಗ್ನೆಟಿಕ್ ಲಾಸ್) ಸೇರುತ್ತೆ, ಇಂಪೀಡೆನ್ಸ್ ತಾಳೆ ಮಾಡೋದೂ ಸುಲಭ. ಒಂದು ಎಚ್ಚರ, ಕಬ್ಬಿಣ ಇದ್ರೆ ಕಮ್ಮಿ ಶಾಖದಲ್ಲೇ ಗ್ರಾಫೈಟ್ ಆಗೋಕೆ ಶುರುವಾಗಿ ತೀರಾ ಕಂಡಕ್ಟಿವ್ ಆಗಿಬಿಡಬಹುದು, ಅದಕ್ಕೇ 600ರಿಂದ ಐವತ್ತೈವತ್ತು ಡಿಗ್ರಿ ಏರಿಸ್ತಾ ನೋಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಒಣಗಿಸಿರಲಿಲ್ಲ, ಡಬ್ಬಿಯಲ್ಲೇ ಇಟ್ಟಿದ್ವಿ. ಈ ವಾರ ಎರಡೂ ಬ್ಯಾಚ್ ಒಣಗಿಸಿ, 900ರದ್ದನ್ನ 10 ಪರ್ಸೆಂಟಲ್ಲಿ ಮತ್ತೆ ಒತ್ತುತೀವಿ.

ಉತ್ತರ: ಮಾಡಿ. ರಿಫ್ಲೆಕ್ಷನ್ ಲಾಸ್ ಗ್ರಾಫ್ ಒಂದೇ ಹಾಕ್ಬೇಡಿ, ಪರ್ಮಿಟಿವಿಟಿಯ ಎರಡೂ ಭಾಗದ (ಶಕ್ತಿ ಕೂಡಿಡೋದು, ಶಕ್ತಿ ಕಳೆಯೋದು) ಡೇಟಾ ಹಾಕಿ, ದಪ್ಪ ಎಷ್ಟಿರಬೇಕು ಅಂತ ಇಲ್ಲೇ ಕೂತು ಲೆಕ್ಕ ಹಾಕೋಣ.