ಅಪ್‌ಡೇಟ್: ಅಮ್ಮನ ಫೋನಿನಲ್ಲಿ ಮೇಲ್ ಐಕಾನ್ ವಾಪಸ್ ಬಂತು

ಅಮ್ಮನ ಆಂಡ್ರಾಯ್ಡ್ ಫೋನಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಮೇಲ್ ಆ್ಯಪ್‌ನ ಐಕಾನೂ ಇಲ್ಲ, ವಿಜೆಟ್ಟೂ (ಹೋಮ್ ಸ್ಕ್ರೀನಿನಲ್ಲೇ ಮೇಲ್ ತೋರಿಸುವ ಚೌಕ) ಇಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಎಲ್ಲರಿಗೂ ಥ್ಯಾಂಕ್ಸ್.

ರೀಸ್ಟಾರ್ಟ್ ಮಾಡಿದ್ದರಿಂದ ಏನೂ ಆಗಲಿಲ್ಲ. ಅಡಗಿಸಿಟ್ಟ ಆ್ಯಪ್‌ಗಳನ್ನು ತೋರಿಸುವ ‘ಹೈಡ್ ಆ್ಯಪ್ಸ್’ ಪಟ್ಟಿ ಖಾಲಿ ಇತ್ತು. ಲಾಂಚರ್ (ಹೋಮ್ ಸ್ಕ್ರೀನನ್ನು ನಡೆಸುವ ಆ್ಯಪ್) ಡೇಟಾ ಕ್ಲಿಯರ್ ಮಾಡಿ ಅನ್ನೋ ಸಲಹೆಯನ್ನು ಮಾತ್ರ ನಾನು ಮುಟ್ಟಲಿಲ್ಲ. ಹಾಗೆ ಮಾಡಿದರೆ ಹೋಮ್ ಸ್ಕ್ರೀನಿನಲ್ಲಿ ಜೋಡಿಸಿಟ್ಟ ಐಕಾನ್, ಫೋಲ್ಡರ್ ಎಲ್ಲ ಹೋಗುತ್ತವೆ. ಅಮ್ಮ ಸುಮ್ನೆ ಬಿಡ್ತಾರಾ?

ಕೆಲಸಕ್ಕೆ ಬಂದಿದ್ದು ‘ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್ ಹುಡುಕಿ, ಬಟನ್ ಮೇಲೆ ಏನಿದೆ ನೋಡಿ’ ಅಂದವರ ಮಾತು. ಅಲ್ಲಿ ‘ಓಪನ್’ ಬದಲು ‘ಎನೇಬಲ್’ ಅಂತ ಇತ್ತು! ಅಂದರೆ ಆ್ಯಪ್ ಫೋನಿನಲ್ಲೇ ಇದೆ, ನಿಷ್ಕ್ರಿಯವಾಗಿದೆ ಅಷ್ಟೇ. ಅದನ್ನು ಒತ್ತಿದ ತಕ್ಷಣ ಐಕಾನ್ ಬಂತು. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದಲೂ ಇದನ್ನೇ ಮಾಡಬಹುದು. ವಿಜೆಟ್ ಮಾತ್ರ ತಾನಾಗಿ ಬರಲಿಲ್ಲ, ಖಾಲಿ ಜಾಗವನ್ನು ಒತ್ತಿ ಹಿಡಿದು ಮತ್ತೆ ಹಾಕಬೇಕಾಯಿತು.

ಒಂದು ಸುಳಿವು ಮೊದಲೇ ಸಿಕ್ಕಿತ್ತು: ಹೊಸ ಮೇಲ್‌ಗಳ ನೋಟಿಫಿಕೇಶನ್ನೂ ನಿಂತಿತ್ತು. ನೋಟಿಫಿಕೇಶನ್ ಬರ್ತಾ ಇದ್ದು ಐಕಾನ್ ಮಾತ್ರ ಕಾಣದಿದ್ದರೆ ಆ್ಯಪ್ ಓಡುತ್ತಿದೆ ಅಂತ ಅರ್ಥ. ಆಗ ಆ್ಯಪ್‌ಗಳ ಪೂರ್ತಿ ಪಟ್ಟಿಯಿಂದ ಎಳೆದು ಹೋಮ್ ಸ್ಕ್ರೀನಿಗೆ ತಂದರೆ ಸಾಕು.

ಹಳೆಯ ಮೇಲ್‌ಗಳ ಚಿಂತೆ ಅಮ್ಮನಿಗೆ ಜಾಸ್ತಿ ಇತ್ತು. ಅವು ಸರ್ವರ್‌ನಲ್ಲಿ ಇರುತ್ತವಲ್ವಾ, ಒಂದೂ ಹೋಗಿಲ್ಲ. ಪಾಸ್‌ವರ್ಡ್ ಮಾತ್ರ ಮತ್ತೆ ಕೇಳಿತು.